ದ್ರಾವಕದಿಂದ ಕೆಟ್ಟ ಅಂತರ್ಜಲ: ಜೀವಾಣುಗಳು ತಿನ್ನುತ್ತವೆಯೇ, ತಿಳಿಯುವುದು ಹೇಗೆ?

ಅವಳಿ ನಗರದ ಗೋಕುಲ ರಸ್ತೆ, ತಾರಿಹಾಳ, ರಾಯಾಪುರ ಹಾಗೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಲೋಹದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳು ಸಾಕಷ್ಟಿವೆ. ಲೇಥಿನಿಂದ ಇಳಿದ ಭಾಗಕ್ಕೆ ಅಂಟಿದ ಎಣ್ಣೆ-ಜಿಡ್ಡನ್ನು ತೆಗೆಯದೆ ಅದಕ್ಕೆ ಬಣ್ಣವಾಗಲಿ ಲೇಪನವಾಗಲಿ ಹಿಡಿಯುವುದಿಲ್ಲ. ಈ ಕೆಲಸಕ್ಕೆ ಹಿಂದೆ ನಮ್ಮ ದೇಶದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಧಾರಾಳವಾಗಿ ಬಳಕೆಯಾಗುತ್ತಿತ್ತು. ಓಝೋನ್ ಪದರದ ರಕ್ಷಣೆಗಾಗಿ ಆದ ಮಾಂಟ್ರಿಯಲ್ ಒಪ್ಪಂದದಂತೆ 2010ರ ಜನವರಿ 1ರಿಂದ ಆ ಬಳಕೆ ನಿಂತಿತು. ಅದು ತೆರವು ಮಾಡಿದ ಜಾಗಕ್ಕೆ ಅನೇಕ ಕಡೆ ಬಂದು ಕುಳಿತದ್ದು ಟ್ರೈಕ್ಲೋರೋಎಥಿಲೀನ್, ಅಂದರೆ ಟಿ.ಸಿ.ಇ., ಮತ್ತು ಡ್ರೈಕ್ಲೀನಿಂಗ್ ಅಂಗಡಿಗಳಿಗೆ ಪರಿಚಿತವಾದ ಪರ್‌ಕ್ಲೋರೋಎಥಿಲೀನ್. ಓಝೋನ್ ಪದರದ ಮಟ್ಟಿಗೆ ಇವು ವಾಸಿ. ನೆಲದಡಿಯ ನೀರಿನ ಮಟ್ಟಿಗೆ ಹಾಗೆ ಹೇಳುವಂತಿಲ್ಲ.

ಒಂದು ಸರಳ ಲೆಕ್ಕವನ್ನು ನೋಡೋಣ. ಟಿ.ಸಿ.ಇ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದು. ಒಂದು ಲೀಟರಿನ ತೂಕ ಹೆಚ್ಚುಕಡಿಮೆ 1,460 ಗ್ರಾಂ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಅಮೆರಿಕ ಮಿತಿ ವಿಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಈಗ 8 ಮೈಕ್ರೋಗ್ರಾಂ. ಮೊದಲನೆಯ ಮಿತಿಯನ್ನು ಹಿಡಿದರೆ, ನೆಲಕ್ಕೆ ಚೆಲ್ಲಿದ ಒಂದು ಲೀಟರು ಟಿ.ಸಿ.ಇ. ಸುಮಾರು 29 ಕೋಟಿ ಲೀಟರು ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ 29 ಸಾವಿರ ಟ್ಯಾಂಕರು. ಇದು ಕಾಗದದ ಮೇಲಿನ ಲೆಕ್ಕ. ಚೆಲ್ಲಿದ್ದರಲ್ಲಿ ಒಂದು ಪಾಲು ಗಾಳಿಗೆ ಆರಿಹೋಗುತ್ತದೆ, ಒಂದು ಪಾಲು ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದರೂ ಪ್ರಮಾಣದ ಅಂದಾಜು ಸಿಗಲು ಇಷ್ಟು ಸಾಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಟಿ.ಸಿ.ಇ.ಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ನೀರಿಗಿಂತ ಭಾರವಾದ ಕಾರಣ ಈ ದ್ರಾವಕ ನೀರಿನ ಮಟ್ಟದಲ್ಲಿ ತೇಲದೆ ಕೆಳಕ್ಕಿಳಿದು, ಬಂಡೆಯ ಬಿರುಕುಗಳಲ್ಲಿ ಸೇರಿಕೊಂಡು, ಅಲ್ಲಿಂದ ಹನಿಹನಿಯಾಗಿ ದಶಕಗಳ ಕಾಲ ಕರಗುತ್ತಿರುತ್ತದೆ. ಪಂಪು ಹಚ್ಚಿ ನೀರೆತ್ತಿ ಶುದ್ಧಮಾಡುವ ವಿಧಾನ ಇದೆಯಾದರೂ ಅದು ಬಹಳ ವರ್ಷ ಹಿಡಿಯುವ, ವಿದ್ಯುತ್ ಬಿಲ್ಲು ಏರಿಸುವ ದಾರಿ. ಆದಕಾರಣವೇ ‘ಬ್ಯಾಕ್ಟೀರಿಯಾ ಬಿಟ್ಟರೆ ತಿಂದುಹಾಕುತ್ತದೆ’ ಎಂಬ ಮಾತು ಉದ್ದಿಮೆದಾರರ ಕಿವಿಗೆ ಇಂಪಾಗಿ ಕೇಳಿಸುತ್ತದೆ. ಅವಳಿ ನಗರದ ಅಂತರ್ಜಲ ಕೆಟ್ಟುಹೋಗಿದೆ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಎಲ್ಲಿಯಾದರೂ ಕೆಟ್ಟಿದೆಯೆಂದು ಕಂಡುಬಂದಾಗ, ಜೀವಾಣುಗಳ ಮೇಲೆ ಹಣ ಹೂಡುವ ಮುನ್ನ ಆ ಮಾತನ್ನು ಪರೀಕ್ಷಿಸಿ ನೋಡುವ ಕ್ರಮ ಯಾವುದು ಎಂಬುದನ್ನು ತಿಳಿಸುವುದಷ್ಟೇ ಇಲ್ಲಿಯ ಉದ್ದೇಶ.

ಎಲ್ಲ ದ್ರಾವಕಗಳೂ ಒಂದೇ ಅಲ್ಲ

ಜೀವಾಣುಗಳು ಎಣ್ಣೆ ತಿನ್ನುತ್ತವೆ ಎಂಬ ಸಂಗತಿ ಲೋಕಪ್ರಸಿದ್ಧವಾದದ್ದು ಆನಂದಮೋಹನ ಚಕ್ರವರ್ತಿಯವರ ಪೇಟೆಂಟ್ ಮೊಕದ್ದಮೆಯಿಂದ. ಕಚ್ಚಾತೈಲವನ್ನು ಒಡೆಯುವಂತೆ ಅವರು ರೂಪಿಸಿದ ಸ್ಯೂಡೋಮೊನಾಸ್ ಜೀವಾಣುವಿಗೆ ಪೇಟೆಂಟ್ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪಿತ್ತಿತು. ಅಂದಿನಿಂದ ‘ತಿನ್ನುವ ಬ್ಯಾಕ್ಟೀರಿಯಾ’ ಎಂಬುದು ಎಲ್ಲ ರೋಗಕ್ಕೂ ಒಂದೇ ಮದ್ದೆಂಬಂತೆ ಪ್ರಚಾರ ಪಡೆದಿದೆ.

ವಾಸ್ತವವಾಗಿ ಯಾವ ದ್ರಾವಕ ಎಂಬುದೇ ಮೊದಲ ಪ್ರಶ್ನೆ. ಬಣ್ಣದ ಥಿನ್ನರಿನಲ್ಲಿರುವ ಟಾಲ್ವೀನ್, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್ ಮೊದಲಾದವನ್ನು ಗಾಳಿ ಸಿಗುವ ಮಣ್ಣಿನಲ್ಲಿ ನೆಲದ ಸಹಜ ಜೀವಾಣುಗಳೇ ಆಹಾರವಾಗಿ ಬಳಸಿಕೊಳ್ಳುತ್ತವೆ. ಔಷಧ ಕಾರ್ಖಾನೆಗಳಲ್ಲಿ ಬಳಕೆಯಾಗುವ ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕದ ಮೇಲೆ ನಮ್ಮ ರಾಜ್ಯದಲ್ಲಿಯೇ ಗಮನಾರ್ಹ ಕೆಲಸ ನಡೆದಿದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದ ಟಿ. ಬಿ. ಕರೇಗೌಡರ ಮತ್ತು ಸಂಗಡಿಗರು, ಕಲ್ಲಿದ್ದಲು ಗಣಿಯ ತ್ಯಾಜ್ಯ ಬಿದ್ದ ಮಣ್ಣಿನಿಂದ ಓಕ್ರೋಬ್ಯಾಕ್ಟ್ರಮ್ ಕುಲದ ಜೀವಾಣುವೊಂದನ್ನು ಬೇರ್ಪಡಿಸಿ, ಅದು ಈ ದ್ರಾವಕವನ್ನು ಸಂಪೂರ್ಣವಾಗಿ ಒಡೆಯುತ್ತದೆಂದು 2006ರಲ್ಲಿ ತೋರಿಸಿದರು. ಮುಂದೆ 2013ರಲ್ಲಿ ಅದೇ ತಂಡ ಪ್ಯಾರಾಕಾಕಸ್ ಎಂಬ ಇನ್ನೊಂದು ಜೀವಾಣುವನ್ನು ಸ್ಥಳೀಯ ಮಿಶ್ರ ಜೀವಾಣುಗಳ ಜೊತೆ ಸೇರಿಸಿ ಕಾರ್ಖಾನೆಯ ಕೊಳಚೆನೀರಿನ ಮೇಲೆ ಪ್ರಯೋಗಿಸಿದ ವರದಿಯನ್ನು ಪ್ರಕಟಿಸಿತು. ಧಾರವಾಡದಲ್ಲಿಯೇ, ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಎಚ್. ಝಡ್. ನಿನ್ನೇಕರ ಅವರ ತಂಡ ವರ್ಣದ್ರವ್ಯಗಳ ತಯಾರಿಕೆಯಲ್ಲಿ ಬರುವ ನೈಟ್ರೋಟಾಲ್ವೀನಿನ ಮೇಲೆ ಕೆಲಸ ಮಾಡಿ, ಜೀವಾಣುಗಳನ್ನು ನೀರಿನಲ್ಲಿ ಬಿಡಿಯಾಗಿ ಬಿಡುವುದಕ್ಕಿಂತ ಫೋಮಿನಂಥ ಆಸರೆಯಲ್ಲಿ ನೆಲೆಗೊಳಿಸಿದರೆ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತವೆಂದು 2012ರಲ್ಲಿ ವರದಿ ಮಾಡಿತು.

ನಮ್ಮ ಬಾಗಿಲಲ್ಲಿಯೇ ಇಂಥ ವಿದ್ಯೆ ಇರುವುದನ್ನು ಅವಳಿ ನಗರದ ಎಷ್ಟು ಉದ್ದಿಮೆದಾರರು ಬಲ್ಲರೋ! ಆದರೆ ಇವೆಲ್ಲ ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ಅಥವಾ ಕೊಳಚೆನೀರಿನ ತೊಟ್ಟಿಯಲ್ಲಿ ನಡೆಯುವ ಕೆಲಸಗಳು. ಅಲ್ಲಿ ಗಾಳಿ, ಆಹಾರ, ಉಷ್ಣತೆ ಎಲ್ಲವೂ ನಮ್ಮ ಕೈಯಲ್ಲಿರುತ್ತವೆ. ನೂರಾರು ಅಡಿ ಕೆಳಗಿನ ಬಂಡೆಯಲ್ಲಿ ಅವು ನಮ್ಮ ಕೈಯಲ್ಲಿರುವುದಿಲ್ಲ. ಮೇಲಾಗಿ ಟಿ.ಸಿ.ಇ.ಯಂಥ ಕ್ಲೋರಿನ್ ಹೊತ್ತ ದ್ರಾವಕಗಳ ಸ್ವಭಾವವೇ ಬೇರೆ.

ಅರ್ಧಕ್ಕೆ ನಿಂತರೆ ಅಪಾಯ

ಟಿ.ಸಿ.ಇ. ಅಣುವಿನಲ್ಲಿ ಮೂರು ಕ್ಲೋರಿನ್ ಪರಮಾಣುಗಳಿವೆ. ಗಾಳಿಯಿಲ್ಲದ ಕೆಲವು ಜೀವಾಣುಗಳು ನಾವು ಆಮ್ಲಜನಕವನ್ನು ಉಸಿರಾಡುವಂತೆ ಈ ಅಣುವನ್ನೇ ಉಸಿರಾಟಕ್ಕೆ ಬಳಸುತ್ತವೆ. ಒಂದೊಂದೇ ಕ್ಲೋರಿನ್ ಕಳಚಿ ಅಲ್ಲಿ ಹೈಡ್ರೋಜನ್ ಕೂರಿಸುತ್ತವೆ. ಮೊದಲ ಮೆಟ್ಟಿಲಿನಲ್ಲಿ ಡೈಕ್ಲೋರೋಎಥಿಲೀನ್, ಎರಡನೆಯದರಲ್ಲಿ ವಿನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್. ಕಡೆಯದು ನಿರುಪದ್ರವಿ, ಮಾವು ಮಾಗಿಸುವ ವ್ಯಾಪಾರಿಗಳಿಗೆ ಪರಿಚಿತವಾದ ಅನಿಲವೇ ಅದು. ಆದರೆ ಅದರ ಹಿಂದಿನ ಮೆಟ್ಟಿಲಾದ ವಿನೈಲ್ ಕ್ಲೋರೈಡ್, ಪಿ.ವಿ.ಸಿ. ಪೈಪಿನ ಮೂಲವಸ್ತು, ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು 1970ರ ದಶಕದಿಂದಲೇ ತಿಳಿದ ವಿಷ. ಕುಡಿಯುವ ನೀರಿನಲ್ಲಿ ಅದಕ್ಕೆ ಅಮೆರಿಕ ವಿಧಿಸಿದ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ, ಅಂದರೆ ಟಿ.ಸಿ.ಇ.ಗಿಂತಲೂ ಬಿಗಿ. ಹೀಗಾಗಿ ಜೀವಾಣುಗಳು ಅರ್ಧ ಕೆಲಸ ಮಾಡಿ ನಿಂತರೆ, ಇದ್ದ ವಿಷಕ್ಕಿಂತ ಕೆಟ್ಟ ವಿಷ ಉಳಿಯುತ್ತದೆ.

ಕಡೆಯ ಮೆಟ್ಟಿಲನ್ನು ದಾಟುವ ಸಾಮರ್ಥ್ಯ ಮುಖ್ಯವಾಗಿ ಡಿಹ್ಯಾಲೋಕಾಕಾಯ್ಡೀಸ್ ಎಂಬ ಕುಲಕ್ಕೆ ಸೇರಿದ ಕೆಲವು ತಳಿಗಳಿಗೆ ಮಾತ್ರ ಇದೆ. ಇದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಮೊದಲ ಬಾರಿಗೆ ಬೇರ್ಪಡಿಸಿ 1997ರಲ್ಲಿ ಪ್ರಕಟಿಸಿತು. ಇದು ಬಹಳ ನಾಜೂಕಿನ ಜೀವಿ. ಆಮ್ಲಜನಕ ತಾಗಿದರೆ ಸಾಯುತ್ತದೆ, ಹೈಡ್ರೋಜನ್ ಬಿಟ್ಟು ಬೇರೆ ಶಕ್ತಿಮೂಲ ಬಳಸದು, ಬಿ-12 ಜೀವಸತ್ವಕ್ಕೆ ಇತರ ಜೀವಾಣುಗಳನ್ನು ಆಶ್ರಯಿಸುತ್ತದೆ, ಬೆಳವಣಿಗೆ ನಿಧಾನ.

ಇದರ ಮಹತ್ವ ಅರಿಯಲು ಎರಡು ಪ್ರಕರಣಗಳು ಸಾಕು. ಅಮೆರಿಕದ ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಯಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಟಿ.ಸಿ.ಇ. ಸೇರಿದ ಅಂತರ್ಜಲಕ್ಕೆ ಲ್ಯಾಕ್ಟೇಟ್ ಎಂಬ ಆಹಾರವನ್ನು ಹಾಯಿಸಿದರು. ಟಿ.ಸಿ.ಇ. ಕರಗುತ್ತ ಬಂತು, ಆದರೆ ಡೈಕ್ಲೋರೋಎಥಿಲೀನಿನಲ್ಲಿ ಎಲ್ಲವೂ ಸ್ಥಗಿತಗೊಂಡಿತು. 269 ದಿನಗಳಾದರೂ ಮುಂದಿನ ಹೆಜ್ಜೆ ಇಲ್ಲ. ಆ ಬಳಿಕ ಫ್ಲೋರಿಡಾದ ಪಿನೆಲಸ್ ಎಂಬ ಇನ್ನೊಂದು ಕಲುಷಿತ ಸ್ಥಳದಿಂದ ಬೆಳೆಸಿದ ಜೀವಾಣು ಸಮೂಹವನ್ನು ನೆಲಕ್ಕೆ ಇಳಿಸಿದರು. ಸುಮಾರು ಮೂರು ತಿಂಗಳ ಮೌನದ ನಂತರ ವಿನೈಲ್ ಕ್ಲೋರೈಡ್ ಮತ್ತು ಎಥಿಲೀನ್ ಕಾಣಿಸಿಕೊಂಡವು. 509ನೆಯ ದಿನದ ಹೊತ್ತಿಗೆ ಪರಿವರ್ತನೆ ಪೂರ್ಣಗೊಂಡಿತ್ತು. ಇನ್ನೂರನೆಯ ದಿನ ಯಾರಾದರೂ ಟಿ.ಸಿ.ಇ.ಯನ್ನಷ್ಟೇ ಅಳೆದು ನೋಡಿದ್ದರೆ, ‘ಯಶಸ್ವಿ’ ಎಂದು ಬರೆದು ಬಿಲ್ಲು ಪಾವತಿ ಮಾಡಿಬಿಡುತ್ತಿದ್ದರು.

ಎರಡನೆಯದು ಮಿಷಿಗನ್ ರಾಜ್ಯದ ಆಸ್ಕೋಡಾ ಊರಿನದು. ಅಲ್ಲಿ ಮಾಲಿನ್ಯಕ್ಕೆ ಮೂಲ ಸೇನೆಯೂ ಅಲ್ಲ, ದೊಡ್ಡ ಕಾರ್ಖಾನೆಯೂ ಅಲ್ಲ. ಒಂದು ಹಳೆಯ ಡ್ರೈಕ್ಲೀನಿಂಗ್ ಅಂಗಡಿ. ಒಂದು ಜಾಗದಲ್ಲಿ ಆಹಾರ ಮಾತ್ರ ಕೊಟ್ಟು, ಇನ್ನೊಂದರಲ್ಲಿ ಆಹಾರದ ಜೊತೆ ಅದೇ ಸ್ಥಳದಿಂದ ಬೆಳೆಸಿದ ಜೀವಾಣುಗಳನ್ನೂ ಸೇರಿಸಿ ಹೋಲಿಸಿದರು. ಜೀವಾಣು ಸೇರಿಸಿದಲ್ಲಿ ಆರು ವಾರಗಳಲ್ಲಿ ಪರ್‌ಕ್ಲೋರೋಎಥಿಲೀನಿನ ಬಹುಪಾಲು ಎಥಿಲೀನಾಗಿ ಮಾರ್ಪಟ್ಟಿತು. ಆಹಾರ ಮಾತ್ರ ಕೊಟ್ಟಲ್ಲಿ ಮೂರು ತಿಂಗಳು ಏನೂ ಆಗದೆ ಆನಂತರ ಕೆಲಸ ಆರಂಭವಾಯಿತು. ಈ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹೊರಗಿನಿಂದ ಜೀವಾಣು ತರುವ ಖರ್ಚು ಬೇಕೋ ಬೇಡವೋ ಎಂಬುದು ಆಯಾ ಸ್ಥಳದ ಪರೀಕ್ಷೆಯಿಂದಲೇ ತೀರ್ಮಾನವಾಗಬೇಕು ಎಂಬುದು ಇದರಿಂದ ಸ್ಪಷ್ಟ.

ಬಾಟಲಿಯೊಳಗಿನ ಜಮಾ-ಖರ್ಚು

ಈ ಪರೀಕ್ಷೆ ವ್ಯಾಪಾರಸ್ಥರಿಗೆ ಅರ್ಥವಾಗದಂಥ ಗಹನ ವಿದ್ಯೆಯಲ್ಲ. ಕಿರ್ದಿ-ಖತಾವಣಿ ತಾಳೆ ನೋಡುವ ಕೆಲಸದಂತೆಯೇ ಇದೂ.

ಕಲುಷಿತ ಸ್ಥಳದಿಂದ ಅಂತರ್ಜಲವನ್ನೂ, ಕೊರೆದು ತೆಗೆದ ಮಣ್ಣು ಅಥವಾ ಬಂಡೆಯ ಚೂರನ್ನೂ ಗಾಳಿ ತಾಗದಂತೆ ತಂದು ಗಾಜಿನ ಬಾಟಲಿಗಳಲ್ಲಿ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಬಾಟಲಿಗಳಲ್ಲಿ ನಾಲ್ಕು ಗುಂಪು. ಒಂದು ಗುಂಪನ್ನು ಆಟೋಕ್ಲೇವಿನಲ್ಲಿ ಕಾಯಿಸಿ ಅಥವಾ ವಿಷ ಹಾಕಿ ಅದರೊಳಗಿನ ಜೀವಾಣುಗಳನ್ನೆಲ್ಲ ಸಾಯಿಸಿರುತ್ತಾರೆ. ಇನ್ನೊಂದನ್ನು ಇದ್ದಂತೆಯೇ ಬಿಡುತ್ತಾರೆ. ಮೂರನೆಯದಕ್ಕೆ ಆಹಾರ ಹಾಕುತ್ತಾರೆ. ಲ್ಯಾಕ್ಟೇಟ್ ಅಥವಾ ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಸಿಗುವ ಕಾಕಂಬಿಯೂ ಆಗಬಹುದು. (ಕಾಕಂಬಿ ಅಗ್ಗವೆಂಬುದು ನಿಜ. ಆದರೆ ಹೆಚ್ಚಾದರೆ ನೀರು ಹುಳಿಯಾಗುತ್ತದೆ, ಮೀಥೇನ್ ಅನಿಲ ಏಳುತ್ತದೆ, ಬಂಡೆಯ ಕಬ್ಬಿಣ-ಮ್ಯಾಂಗನೀಸು ನೀರಿಗೆ ಬಿಡುತ್ತವೆ.) ನಾಲ್ಕನೆಯ ಗುಂಪಿಗೆ ಆಹಾರದ ಜೊತೆ ಹೊರಗಿನ ಜೀವಾಣುಗಳನ್ನೂ ಸೇರಿಸುತ್ತಾರೆ. ಆಮೇಲೆ ಕತ್ತಲಲ್ಲಿ ಇಟ್ಟು, ವಾರಗಟ್ಟಲೆ, ಬಹುತೇಕ ತಿಂಗಳುಗಟ್ಟಲೆ, ಗೊತ್ತಾದ ದಿನಗಳಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ಅಳೆಯುತ್ತಾರೆ.

ಸತ್ತ ಬಾಟಲಿ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಈ ದ್ರಾವಕಗಳು ಸುಲಭವಾಗಿ ಆವಿಯಾಗುವಂಥವು. ಮುಚ್ಚಳದ ರಬ್ಬರಿಗೆ ಹೀರಿಕೊಳ್ಳುತ್ತವೆ, ಮಣ್ಣಿಗೆ ಅಂಟುತ್ತವೆ, ಎಲ್ಲೋ ಸೋರುತ್ತವೆ. ಜೀವಾಣು ಇಲ್ಲದ ಬಾಟಲಿಯಲ್ಲಿಯೂ ಮೂರು ತಿಂಗಳಲ್ಲಿ ಟಿ.ಸಿ.ಇ. ನೂರಕ್ಕೆ ಇಪ್ಪತ್ತರಷ್ಟು ಇಳಿದಿದ್ದರೆ, ಜೀವಂತ ಬಾಟಲಿಯ ಇಳಿಕೆಯಲ್ಲಿಯೂ ಆ ಇಪ್ಪತ್ತು ಜೀವಾಣುಗಳ ಗಳಿಕೆಯಲ್ಲ. ಅಂಗಡಿಯಲ್ಲಿ ಮಾಲು ಕಡಿಮೆಯಾದ ಮಾತ್ರಕ್ಕೆ ಅದು ಮಾರಾಟವಾಯಿತೆಂದು ಯಾವ ವ್ಯಾಪಾರಿಯೂ ಬರೆದುಕೊಳ್ಳುವುದಿಲ್ಲ. ಹಣದ ಪೆಟ್ಟಿಗೆಗೆ ಜಮಾ ಆಗಿರಬೇಕು. ಇಲ್ಲಿಯೂ ಹಾಗೆಯೇ. 131 ಗ್ರಾಂ ಟಿ.ಸಿ.ಇ. ಪೂರ್ತಿಯಾಗಿ ಒಡೆದಿದ್ದರೆ 28 ಗ್ರಾಂ ಎಥಿಲೀನ್ ಮತ್ತು ಸುಮಾರು 106 ಗ್ರಾಂ ಕ್ಲೋರೈಡ್ ಹುಟ್ಟಿರಬೇಕು. ಖರ್ಚಾದ ಟಿ.ಸಿ.ಇ.ಗೆ ಸರಿಸಮನಾಗಿ ಡೈಕ್ಲೋರೋಎಥಿಲೀನ್, ವಿನೈಲ್ ಕ್ಲೋರೈಡ್, ಎಥಿಲೀನ್ ಈ ಮೂರರ ಮೊತ್ತ ತಾಳೆಯಾದರೆ ಮಾತ್ರ ‘ಒಡೆಯಿತು’ ಎನ್ನಬಹುದು; ಎಥಿಲೀನ್ ಬಹುಪಾಲಾದರೆ ಮಾತ್ರ ‘ಶುದ್ಧವಾಯಿತು’ ಎನ್ನಬಹುದು. ನಮ್ಮ ಬಾವಿಗಳಲ್ಲಿ ಕ್ಲೋರೈಡ್ ಮೊದಲೇ ಹೇರಳವಾಗಿರುವುದರಿಂದ ಆ ಒಂದೇ ಅಂಕಿಯನ್ನು ನಂಬುವಂತಿಲ್ಲ.

ಬಾಟಲಿಯಲ್ಲಿ ಆದದ್ದು ನೆಲದಲ್ಲಿಯೂ ಆಗುತ್ತದೆಂಬ ಖಾತರಿ ಇಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1993ರಲ್ಲಿ ಹೊರತಂದ ವರದಿ ಇದಕ್ಕೆ ಮೂರು ಬಗೆಯ ಪುರಾವೆ ಕೇಳುತ್ತದೆ: ಸ್ಥಳದಲ್ಲಿ ಮಾಲಿನ್ಯ ಇಳಿದಿರುವುದು, ಅಲ್ಲಿಯ ಜೀವಾಣುಗಳಿಗೆ ಆ ಶಕ್ತಿ ಇದೆಯೆಂದು ಪ್ರಯೋಗಾಲಯ ತೋರಿಸಿರುವುದು, ಆ ಶಕ್ತಿ ನೆಲದಡಿ ನಿಜವಾಗಿ ಕೆಲಸ ಮಾಡುತ್ತಿದೆಯೆಂಬುದಕ್ಕೆ ಗುರುತು. ಮೂರನೆಯದಕ್ಕೆ ಇಂದು ಉತ್ತಮ ಸಾಧನಗಳಿವೆ. ವಿನೈಲ್ ಕ್ಲೋರೈಡನ್ನು ಒಡೆಯುವ ಜೀನ್ ನೀರಿನಲ್ಲಿ ಎಷ್ಟಿದೆಯೆಂದು ಡಿ.ಎನ್.ಎ. ಪರೀಕ್ಷೆಯಿಂದ ಎಣಿಸಬಹುದು. ಜೀವಾಣುಗಳು ಹಗುರ ಇಂಗಾಲವಿರುವ ಅಣುಗಳನ್ನು ಮೊದಲು ಒಡೆಯುವುದರಿಂದ ಉಳಿದ ಟಿ.ಸಿ.ಇ.ಯಲ್ಲಿ ಭಾರ ಇಂಗಾಲದ ಪ್ರಮಾಣ ಏರುತ್ತದೆ. ಮಳೆನೀರು ಸೇರಿ ತೆಳುವಾದರೆ ಈ ಪ್ರಮಾಣ ಬದಲಾಗುವುದಿಲ್ಲ. ತೆಳುವಾದದ್ದನ್ನು ಶುದ್ಧವಾದದ್ದೆಂದು ತೋರಿಸುವವರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಧಾರವಾಡದ ಬಂಡೆ ಬೇರೆ

ಮೇಲೆ ಹೇಳಿದ ಡೋವರ್ ಮತ್ತು ಆಸ್ಕೋಡಾ ಎರಡೂ ಮರಳು ನೆಲದ ಪ್ರಕರಣಗಳು. ನಮ್ಮ ನೆಲ ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ನಮ್ಮ ಊರಿನ ಹೆಸರನ್ನೇ ಇಟ್ಟ ಧಾರವಾಡ ಶಿಲಾಸಮೂಹದ ಮೇಲೆ ನಾವು ಕುಳಿತಿದ್ದೇವೆ. ಮೇಲೆ ಎರೆಮಣ್ಣು, ಅದರ ಕೆಳಗೆ ಶಿಥಿಲಗೊಂಡ ಪದರ, ಅದರಡಿ ಗಟ್ಟಿ ಬಂಡೆ. ನೀರು ಇರುವುದು ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಮರಳಿನಲ್ಲಿ ನೀರು ಹರಡಿಕೊಂಡು ಸಾಗಿದರೆ, ಇಲ್ಲಿ ಬಿರುಕು ಹೋದತ್ತ ಹೋಗುತ್ತದೆ. ಐವತ್ತು ಮೀಟರು ದೂರದ ಎರಡು ಕೊಳವೆಬಾವಿಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿರಬಹುದು. ಅರ್ಧ ಕಿಲೋಮೀಟರಿನ ಆಚೆಯ ಬಾವಿಗೆ ನೇರ ದಾರಿ ಇರಬಹುದು. ಇಳಿಸಿದ ಜೀವಾಣುವೂ ಆಹಾರವೂ ದ್ರಾವಕ ಕುಳಿತ ಬಿರುಕನ್ನೇ ತಲುಪುತ್ತವೆಂದು ಯಾರೂ ಭರವಸೆ ಕೊಡಲಾರರು.

ಇನ್ನೊಂದು ತೊಡಕು ನೈಟ್ರೇಟಿನದು. ಆಮ್ಲಜನಕವಾಗಲಿ ನೈಟ್ರೇಟ್ ಆಗಲಿ ಇರುವಷ್ಟು ಕಾಲ ನೆಲದ ಜೀವಾಣುಗಳು ಆಹಾರವನ್ನು ಅವುಗಳ ಮೇಲೆ ವ್ಯಯಿಸುತ್ತವೆ, ಟಿ.ಸಿ.ಇ.ಯ ಸರದಿ ಬರುವುದು ಕೊನೆಗೆ. ನಮ್ಮ ರಾಜ್ಯದ ಅನೇಕ ಜಿಲ್ಲೆಗಳ ಅಂತರ್ಜಲದಲ್ಲಿ ನೈಟ್ರೇಟ್ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ತೋರಿಸುತ್ತ ಬಂದಿವೆ. ಮಳೆಗಾಲದಲ್ಲಿ ಹೊಸ ನೀರಿನ ಜೊತೆ ಆಮ್ಲಜನಕವೂ ಇಳಿಯುತ್ತದೆ. ಅನುಕೂಲದ ಸಂಗತಿಯೂ ಒಂದುಂಟು: ನಮ್ಮ ಅಂತರ್ಜಲ ಶೀತ ದೇಶಗಳದಕ್ಕಿಂತ ಬೆಚ್ಚಗಿರುತ್ತದೆ, ಈ ಜೀವಾಣುಗಳಿಗೆ ಅದು ಹಿತ.

ಬಂಡೆ ನೆಲದಲ್ಲಿ ಒಂದೇ ಬಾವಿಯಿಂದ ಮಾಡಬಹುದಾದ ಪರೀಕ್ಷೆಯೊಂದಿದೆ. ಆಹಾರವನ್ನೂ, ಯಾವ ಜೀವಾಣುವೂ ಮುಟ್ಟದ ಬ್ರೋಮೈಡ್ ಲವಣವನ್ನೂ ಬೆರೆಸಿದ ನೀರನ್ನು ಬಾವಿಗೆ ಇಳಿಸಿ, ಕೆಲವು ದಿನ ಬಿಟ್ಟು ಅದೇ ಬಾವಿಯಿಂದ ಎತ್ತಿ ಅಳೆಯುವುದು. ಬ್ರೋಮೈಡ್ ಎಷ್ಟು ತೆಳುವಾಗಿದೆಯೋ ಅಷ್ಟು ಬರೀ ಬೆರಕೆಯ ಪಾಲು. ಅದಕ್ಕಿಂತ ಹೆಚ್ಚಿನ ಇಳಿಕೆ ಇದ್ದರೆ ಅದು ಜೀವಾಣುಗಳ ಪಾಲು.

ಈಗ ಈ ವಿಚಾರ ಏಕೆ?

ಮಲಪ್ರಭೆಯ ನೀರು ಬರುವ ನಗರದಲ್ಲಿಯೂ ಕಾರ್ಖಾನೆಗಳು, ಬಡಾವಣೆಗಳು ಕೊಳವೆಬಾವಿಯನ್ನು ಬಿಟ್ಟಿಲ್ಲ. ಅದೊಂದು ಕಾರಣ. ಕಾನೂನು ಇನ್ನೊಂದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿ ಬಿಟ್ಟ ದ್ರಾವಕಗಳನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿವೆ. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಅವುಗಳನ್ನು ಘಟಕದಲ್ಲಿ ಸಂಗ್ರಹಿಸಿಡುವಂತಿಲ್ಲ. ಆದರೆ ಮೊದಲೇ ನೆಲಕ್ಕೆ ಇಳಿದದ್ದರ ಬಗ್ಗೆ ಸ್ಪಷ್ಟ ವಿಧಾನ ಇರಲಿಲ್ಲ. 2025ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳು ಆ ಕೊರತೆಯನ್ನು ತುಂಬಿವೆ. ಶಂಕಿತ ಸ್ಥಳಗಳನ್ನು ಜಿಲ್ಲಾಡಳಿತ ಗುರುತಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಾಥಮಿಕ ಪರಿಶೀಲನೆಯನ್ನು 90 ದಿನಗಳಲ್ಲಿ ಮಾಡಬೇಕು, ಕಲುಷಿತವೆಂದು ಖಚಿತವಾದರೆ ಹೊಣೆಗಾರರನ್ನು ಪತ್ತೆಹಚ್ಚಬೇಕು. ಶುದ್ಧೀಕರಣದ ಖರ್ಚು ಆ ಹೊಣೆಗಾರರದು. ಹಳೆಯ ಶೆಡ್ಡು ಖರೀದಿಸುವವರೂ ಬಾಡಿಗೆಗೆ ಕೊಡುವವರೂ ವ್ಯವಹಾರಕ್ಕೆ ಮೊದಲು ಜಾಗದ ನೀರನ್ನು ಒಮ್ಮೆ ಪರೀಕ್ಷಿಸಿ ದಾಖಲೆ ಇಟ್ಟುಕೊಳ್ಳುವುದು ಲೇಸು.

ಸಾಮಾನ್ಯ ನೀರಿನ ಪರೀಕ್ಷೆ, ಅಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್ ಮೊದಲಾದವು, ಈ ದ್ರಾವಕಗಳನ್ನು ತೋರಿಸುವುದೇ ಇಲ್ಲ. ‘ಆವಿಯಾಗುವ ಸಾವಯವ ಸಂಯುಕ್ತಗಳು’ ಎಂದು ಪ್ರತ್ಯೇಕವಾಗಿ ಬರೆದು ಕೇಳಬೇಕು, ಅದರಲ್ಲಿ ವಿನೈಲ್ ಕ್ಲೋರೈಡ್ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಾದರಿ ತೆಗೆಯುವುದು ಮಿನರಲ್ ವಾಟರ್ ಬಾಟಲಿಯಲ್ಲಲ್ಲ. ಪ್ರಯೋಗಾಲಯ ಕೊಡುವ 40 ಮಿಲಿಲೀಟರಿನ ಗಾಜಿನ ಸೀಸೆಯಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಬಾವಿಯಲ್ಲಿ ನಿಂತ ನೀರನ್ನು ಮೊದಲು ಪಂಪು ಮಾಡಿ ಹೊರಹಾಕಿರಬೇಕು.

ಕಲುಷಿತವೆಂದು ತಿಳಿದಮೇಲೆ ಜೀವಾಣು ಪುಡಿಯನ್ನೋ ದ್ರವವನ್ನೋ ಮಾರಲು ಬಂದವರಿಗೆ ಕೇಳಬೇಕಾದದ್ದು ಹೆಚ್ಚಿಲ್ಲ. ಸತ್ತ ಬಾಟಲಿಯ ಫಲಿತಾಂಶ ಎಲ್ಲಿ, ಎಥಿಲೀನ್ ಎಷ್ಟು ಬಂತು, ಪರೀಕ್ಷಿಸಿದ್ದು ನಮ್ಮ ಜಾಗದ ನೀರು-ಬಂಡೆಯ ಮೇಲೆಯೋ ಬೇರೆಲ್ಲಿಯದೋ? ಶೌಚಗುಂಡಿಗೆ ಹಾಕುವ ಪುಡಿ ಗಾಳಿಯಲ್ಲಿ ಬದುಕುವ ಜೀವಾಣುಗಳದ್ದಾಗಿದ್ದರೆ ಟಿ.ಸಿ.ಇ.ಗೆ ಅದರಿಂದ ಏನೂ ಆಗದು. ಒಂದು ಘಟಕಕ್ಕೆ ಭಾರವೆನಿಸುವ ಬಾಟಲಿ ಪರೀಕ್ಷೆಯ ಖರ್ಚನ್ನು ಒಂದು ಎಸ್ಟೇಟಿನ ಹತ್ತು ಘಟಕಗಳು ಹಂಚಿಕೊಂಡು, ಸ್ಥಳೀಯ ವಿಶ್ವವಿದ್ಯಾಲಯದ ವಿಭಾಗಗಳ ಸಲಹೆ ಪಡೆದು ನಡೆಸಲು ಅಡ್ಡಿಯಿಲ್ಲ. ಬಾವಿಯ ನೀರನ್ನಂತೂ ವರ್ಷಕ್ಕೆ ಎರಡು ಸಲ ನೋಡಬೇಕು: ಏಪ್ರಿಲ್-ಮೇ ತಿಂಗಳಲ್ಲಿ ಮಟ್ಟ ಇಳಿದಾಗ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್-ನವೆಂಬರಿನಲ್ಲಿ ಒಮ್ಮೆ, ಅದೇ ಬಾವಿಯಿಂದ, ಅದೇ ಆಳದಿಂದ.